ಹೊಸದುರ್ಗದ ಬಸ್ಸು ಹತ್ತಿದ ಚೀಲ

ಮದುವೆಯಾಗಿ ಚಿತ್ರದುರ್ಗಕ್ಕೆ ಬಂದ ಮೇಲೆ ಕೆಲವು ವರ್ಷ ನಾನು ಒಂದು ಕಡೆ ನೆಟ್ಟಗೆ ಕೂತವಳಲ್ಲ. ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ತಾರಸಿಗೆ, ತಾರಸಿಯಿಂದ ಮತ್ತೆ ಅಡುಗೆಮನೆಗೆ. ಭರಮಸಾಗರದ ಅಂಗಡಿಯವರ ಮಗಳು ನಾನು. ದಿನವೂ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ ಚಿತ್ರಕಲೆ ಓದಿದ್ದೆ. ಡ್ರಾಯಿಂಗ್ ಟೀಚರ್ ಕೆಲಸ ಸಿಕ್ಕೇ ಸಿಗುತ್ತದೆ ಎಂದು ಮನೆಯವರೆಲ್ಲ ನಂಬಿದ್ದರು. ಆದರೆ ತೊಂಬತ್ತರ ದಶಕದ ಆ ದಿನಗಳಲ್ಲಿ ನಾನು ಕಂಡ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಮೇಷ್ಟ್ರು ನಿವೃತ್ತರಾದರೆ ಅವರ ಜಾಗಕ್ಕೆ ಯಾರೂ ಬರುತ್ತಿರಲಿಲ್ಲ. ಆ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟುಬಿಡುತ್ತಿದ್ದರು. ಕರೆ ಬರುತ್ತದೆಂದು ಕಾದೆ. ಬರಲಿಲ್ಲ. ಕಾಯುವುದನ್ನು ಬಿಟ್ಟ ಮೇಲೂ, ಕಾಯುವಾಗ ಹತ್ತಿಕೊಂಡ ಚಡಪಡಿಕೆ ಮೈಯಲ್ಲೇ ಉಳಿಯಿತು.

ನನ್ನವರಿಗೆ ವಿದ್ಯುತ್ ಇಲಾಖೆಯಲ್ಲಿ ಕೆಲಸ. ಬೆಳಿಗ್ಗೆ ಹೋದರೆ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಅಂತ ಊರೂರು ಸುತ್ತಿ ಸಂಜೆ ಬರುವರು. ನಮ್ಮದು ಕೋಟೆಯ ಕೆಳಗಿನ ಓಣಿಯಲ್ಲಿ ಬಾಡಿಗೆ ಮನೆ. ನಾನು ಕಾಗದದ ಮೇಲೆ ಚಿತ್ರ ಬರೆಯುತ್ತಿದ್ದೆ. ಬರೆದದ್ದನ್ನು ಸುರುಳಿ ಸುತ್ತಿ ಮಂಚದ ಕೆಳಗೆ ತಳ್ಳುತ್ತಿದ್ದೆ. ಕಸ ಹೊಡೆಯುವಾಗ ಪೊರಕೆಗೆ ಆ ಸುರುಳಿಗಳು ತಾಗಿ ಉರುಳಿದರೆ, ಅವುಗಳ ಮೇಲೂ ನನ್ನ ಮೇಲೂ ಸಿಟ್ಟು ಬರುತ್ತಿತ್ತು.

ಎದುರು ಮನೆಯಲ್ಲಿ ಒಬ್ಬ ಹೆಂಗಸು ಬ್ಲೌಸು ಹೊಲಿಯುತ್ತಿದ್ದಳು. ನನಗಿಂತ ಸ್ವಲ್ಪ ಚಿಕ್ಕವಳು, ಮಾತು ಜೋರು, ಕೈ ಅದಕ್ಕಿಂತ ಜೋರು. ಒಂದು ದಿನ ಅವಳ ಮೆಷಿನ್ನಿನ ಪಕ್ಕ ಉಳಿದ ಕೋರಾ ಬಟ್ಟೆಯ ತುಂಡು ಬಿದ್ದಿತ್ತು. ಬಿಳುಪು ಮಾಡದ, ಹತ್ತಿಯ ಸಿಪ್ಪೆಯ ಚುಕ್ಕೆಗಳು ಹಾಗೇ ಕಾಣುವ ದಪ್ಪ ಬಟ್ಟೆ. ಸಂತೆಗೆ ಒಯ್ಯಲು ಒಂದು ಚೀಲ ಹೊಲಿದುಕೊಡು ಎಂದೆ. ಹೊಲಿದು ಕೊಟ್ಟಳು. ಅದನ್ನು ಕೈಯಲ್ಲಿ ಹಿಡಿದು ಮನೆಗೆ ಬರುವಷ್ಟರಲ್ಲಿ ನನಗೆ ಅದರ ಖಾಲಿತನ ತಡೆಯದಾಯಿತು. ದಾಳಿಂಬೆ ಸಿಪ್ಪೆ ಕುದಿಸಿ ಬಣ್ಣ ತೆಗೆದೆ, ಪಟಿಕದ ನೀರಿನಲ್ಲಿ ನೆನೆಸಿದ ಚೀಲವನ್ನು ಅದರಲ್ಲಿ ಅದ್ದಿದೆ. ಚಪ್ಪಲಿ ಹೊಲಿಯುವವನ ಹತ್ತಿರ ಹೊಸ ರಬ್ಬರ್ ಶೀಟಿನ ತುಂಡು ತಂದು, ಬ್ಲೇಡಿನಿಂದ ಎಲೆಯ ಆಕಾರ ಕೆತ್ತಿ, ಅಚ್ಚು ಒತ್ತಿದೆ. ಮುಂದಿನ ಸಂತೆಯಲ್ಲಿ ಸೊಪ್ಪು ಮಾರುವವಳು ಕೊತ್ತಂಬರಿ ಕಟ್ಟನ್ನು ಚೀಲಕ್ಕೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಕೇಳಿದಳು:

"ಅಲ್ರಿ, ಇದ್ರಾಗೆ ಹಸಿ ಸೊಪ್ಪು ಹಾಕ್ಲಾ? ಚಿತ್ರ ಕೆಡಲ್ವೇನ್ರಿ?"

ಮಂಚದ ಕೆಳಗಿನ ಸುರುಳಿಗಳ ಬಗ್ಗೆ ಯಾರೂ ಹಾಗೆ ಕೇಳಿರಲಿಲ್ಲ. ಅವತ್ತಿನಿಂದ ನಾನು ಕಾಗದ ಬಿಟ್ಟೆ.

ಬಿಟ್ಟೆ ಅಂದರೂ ನೆಮ್ಮದಿಯೇನೂ ಬರಲಿಲ್ಲ. ದಾಳಿಂಬೆಯ ಹಳದಿ ಕೆಲವೇ ತಿಂಗಳಿಗೆ ಸಪ್ಪೆಯಾಯಿತು. ಈರುಳ್ಳಿ ಸಿಪ್ಪೆ ಕುದಿಸಿದೆ, ಅಳಲೆಕಾಯಿ ಕುಟ್ಟಿದೆ, ಮನೆಯ ತುಂಬ ವಾಸನೆ ಮಾಡಿದೆ. ನನ್ನವರು ಊಟಕ್ಕೆ ಕೂತು, "ಇದು ಸಾರೋ, ನಿನ್ನ ಬಣ್ಣವೋ? ಹೇಳಿ ಬಡಿಸು ಮಾರಾಯ್ತಿ" ಅನ್ನುತ್ತಿದ್ದರು. ಕಪ್ಪು ಬಣ್ಣಕ್ಕೆಂದು ಗುಜರಿಯಿಂದ ತುಕ್ಕು ಹಿಡಿದ ಮೊಳೆ ತಂದು, ಬೆಲ್ಲದ ನೀರಿನಲ್ಲಿ ಹಾಕಿ, ಗಡಿಗೆಯ ಬಾಯಿ ಕಟ್ಟಿ ಹಿತ್ತಲಿನಲ್ಲಿಟ್ಟೆ. ಅದು ವಾರಗಟ್ಟಲೆ ಹುಳಿಯಾಗಬೇಕು. ನನಗೆಲ್ಲಿ ತಾಳ್ಮೆ? ದಿನಕ್ಕೆ ಎಷ್ಟೋ ಸಲ ಬಟ್ಟೆ ಬಿಚ್ಚಿ ಮೂಸಿ ನೋಡುತ್ತಿದ್ದೆ. ಕೊನೆಗೆ ಹುಣಸೆ ಬೀಜದ ಅಂಟಿನಲ್ಲಿ ಅದನ್ನು ಕಲಸಿ ಅಚ್ಚು ಒತ್ತಿದಾಗ ಕಪ್ಪೇನೋ ಬಂತು. ಆದರೆ ಅದರ ಹಿಂದೆ ನಿಲ್ಲಬೇಕಾದ ಕೆಂಪು ಸಿಗಲಿಲ್ಲ. ಅಂಗಡಿಯ ಪೊಟ್ಟಣದ ಕೆಂಪು ನನಗೆ ಬೇಡವಾಗಿತ್ತು. ಬೇಸಿಗೆಯ ಸಂಜೆ ಕೋಟೆಯ ಬಂಡೆಗಳ ಮೇಲೆ ಸ್ವಲ್ಪ ಹೊತ್ತು ನಿಂತು ಹೋಗುವ ಕೆಂಪು ಬೇಕಿತ್ತು.

ಅದನ್ನು ತಂದುಕೊಟ್ಟವರು ನನ್ನವರೇ. ಅವರನ್ನು ಆ ವರ್ಷ ಭೀಮಸಮುದ್ರದ ಕಡೆಯ ಕೆಲಸಕ್ಕೆ ಹಾಕಿದ್ದರು. ಅಡಿಕೆ ಬೇಯಿಸುವ ಕಾಲ. ಒಂದು ಸಂಜೆ ಅವರ ಅಂಗಿಯ ತೋಳಿನ ಮೇಲೆ ಅಂಗೈಯಗಲ ಕೆಂಗಂದು ಕಲೆ. ಅಡಿಕೆ ಮನೆಯೊಂದರಲ್ಲಿ ಮೀಟರ್ ನೋಡಲು ಹೋದಾಗ ಚೊಗರು ತಗುಲಿದೆಯಂತೆ. ಹಸಿ ಅಡಿಕೆ ಬೇಯಿಸಿದ ನೀರು ಬತ್ತಿ ಬತ್ತಿ ಕಾಕಂಬಿಯಂತೆ ದಪ್ಪಗಾಗುತ್ತದಲ್ಲ, ಅದೇ ಚೊಗರು. ಅಡಿಕೆಗೆ ಹೊಳಪು ಕೊಡಲು ಅದನ್ನು ಬಳಸುತ್ತಾರೆ. ಬಟ್ಟೆಗೆ ತಗುಲಿದರೆ ಜನ್ಮದಲ್ಲಿ ಹೋಗುವುದಿಲ್ಲ ಎಂದು ಅಲ್ಲಿಯ ಹೆಂಗಸರು ಬಯ್ಯುತ್ತಲೇ ಇರುತ್ತಾರೆ.

ಸೋಪು ಹಾಕಿ ಉಜ್ಜಿದೆ. ಹೋಗಲಿಲ್ಲ. ಸೋಡಾ ಹಾಕಿ ಕುದಿಸಿದೆ. ಇನ್ನಷ್ಟು ಕೆಂಪಾಯಿತು. ನನಗೆ ಒಳಗೊಳಗೇ ಕುಣಿಯುವ ಹಾಗಾಯಿತು.

"ನಾಳೆ ಒಂದು ಕ್ಯಾನು ತನ್ನಿ," ಎಂದೆ.

"ಇರೋ ಅಂಗಿಯೆಲ್ಲ ಹಾಳು ಮಾಡೋಕಾ?"

"ಅಂಗಿ ಹೋಗ್ಲಿ ಬಿಡ್ರಿ, ಕ್ಯಾನು ತನ್ನಿ."

ಚೊಗರಿನಲ್ಲಿ ಮುಳುಗಿಸಿ ಒಣಗಿಸಿದ ಬಟ್ಟೆಯ ಮೇಲೆ ಗಡಿಗೆಯ ಕಪ್ಪು ಒತ್ತಿದಾಗ, ಆ ಕಪ್ಪು ಕಣ್ಣೆದುರೇ ಗಾಢವಾಗುತ್ತ ಬಟ್ಟೆಯೊಳಗೆ ಇಳಿಯಿತು. ಆಗ ಎದುರು ಮನೆಯವಳನ್ನು ಕೂಗಿದೆ. ಅವಳು ಬಾಯಲ್ಲಿ ದಾರದ ತುದಿ ಕಚ್ಚಿಕೊಂಡೇ ಓಡಿ ಬಂದು ನೋಡಿ, "ಅಕ್ಕ, ಇದು ಚೆನ್ನಾಗೈತೆ. ಇದನ್ನ ಬಿಡಬ್ಯಾಡ್ರಿ," ಎಂದಳು. ಅಲ್ಲಿಂದ ನಾವಿಬ್ಬರೂ ಜೊತೆ. ಅವಳು ಹೊಲಿಗೆ, ನಾನು ಬಣ್ಣ.

ಚೊಗರು ಕೊಟ್ಟ ಮನೆಯ ಯಜಮಾನಿಗೆ ಒಂದು ಚೀಲ ಕಳಿಸಿದ್ದೆ. ಮುಂದಿನ ವರ್ಷ ಅವರೇ ನಮ್ಮ ಮನೆ ಹುಡುಕಿಕೊಂಡು ಬಂದರು. ಮಗಳ ಮದುವೆ ಗೊತ್ತಾಗಿತ್ತು. ತಾಂಬೂಲಕ್ಕೆ ಇಂಥವೇ ಚೀಲ ಬೇಕು, ಊರಲ್ಲೆಲ್ಲ ಪ್ಲಾಸ್ಟಿಕ್ ಕೊಟ್ಟು ಕೊಟ್ಟು ಸಾಕಾಗಿದೆ ಎಂದರು. ಬಂದವರೆಲ್ಲರಿಗೂ ಅಂದರೆ ನೂರಾರು ಚೀಲ.

"ಮಾಡ್ತೀನಿ," ಎಂದೆ. "ಆದ್ರೆ ಎಲ್ಲಾ ಒಂದೇ ಥರ ಮಾಡೋಕೆ ನನ್ನ ಕೈಲಿ ಆಗಲ್ಲ. ಒಂದೊಂದೂ ಬೇರೆ ಇರುತ್ತೆ."

ಅವರ ಗಮನ ಆಗಲೇ ಚಪ್ಪರ, ಅಡುಗೆಯವರು, ಬೀಗರ ಕಡೆ ಹೋಗಿತ್ತು. "ಆಗ್ಲಿ ಬಿಡವ್ವ, ಚೀಲ ಚೀಲನೇ ಅಲ್ವಾ? ಹಿಡಿಕೆ ಗಟ್ಟಿ ಇದ್ರೆ ಸಾಕು," ಎಂದು ಕಾಫಿ ಕುಡಿದು ಹೊರಟರು.

ಅವರು ಹೋದ ಮೇಲೆ ನನ್ನ ಜೊತೆಗಾತಿ ತಲೆಗೆ ಕೈ ಹಚ್ಚಿದಳು. "ಅಕ್ಕ, ನಾಲ್ಕು ಅಚ್ಚು ಮಾಡಿ ಟಪಟಪ ಅಂತ ಒತ್ತಿ ಎಸೀರಿ. ತೆಂಗಿನಕಾಯಿ ಹಾಕ್ಕಂಡು ಹೋಗೋರು ಏನು ನೋಡ್ತಾರೆ?" ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಒಂದೇ ಚಿತ್ರವನ್ನು ಎರಡನೇ ಸಲ ಒತ್ತಲು ಹೋದರೆ ಕೈಯೇ ಬೇಸರಪಟ್ಟು ಅತ್ತಿತ್ತ ಸರಿಯುತ್ತಿತ್ತು. ಹಾಗೆ ಸರಿದದ್ದರಿಂದ ಇನ್ನೊಂದು ಚಿತ್ರ ಹುಟ್ಟುತ್ತಿತ್ತು. ಅದನ್ನು ಬಿಟ್ಟು ಹಿಂದಕ್ಕೆ ಬರುವುದಕ್ಕೆ ಮನಸ್ಸಾಗುತ್ತಿರಲಿಲ್ಲ.

ಆ ಎರಡು ಮೂರು ತಿಂಗಳು ನಾನು ಊಟದ ನಡುವೆ ಎದ್ದು ಹೋದದ್ದೇ ಹೆಚ್ಚು. ತಾರಸಿಯ ತಂತಿಗಳ ಮೇಲೆ ಚೀಲಗಳು. ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಗಾಳಿ ಎದ್ದರೆ ಒಂದಕ್ಕೊಂದು ಬಡಿದು ಹಸಿ ಬಣ್ಣ ಅಂಟಿಕೊಳ್ಳುತ್ತದೆಂದು ಓಡುವುದು, ಮೋಡ ಕಂಡರೆ ಓಡುವುದು, ಏನೂ ಇಲ್ಲದಿದ್ದರೂ ಬಣ್ಣ ಹೇಗೆ ಒಣಗಿದೆ ನೋಡೋಣವೆಂದು ಓಡುವುದು. ಉಗುರ ಸಂದಿಯ ಕೆಂಪು ಹೋಗಲೇ ಇಲ್ಲ. ಹೊರಗೆ ಯಾರಾದರೂ ಕಂಡರೆ, "ಏನ್ರಿ, ಎಲೆ ಅಡಿಕೆ ಹಾಕೋದು ಕಲ್ತ್ರಾ?" ಎಂದು ಕೇಳುವರು. ಚೆನ್ನಾಗಿ ಬಂದ ಚೀಲ ನನ್ನನ್ನು ಕೆಟ್ಟ ಚೀಲಕ್ಕಿಂತ ಹೆಚ್ಚು ಕಾಡುತ್ತಿತ್ತು. ಇಷ್ಟು ಬಂದಿದೆಯಲ್ಲ, ಇನ್ನೊಂದು ಸ್ವಲ್ಪ ಬಂದಿದ್ದರೆ ಅನ್ನಿಸುತ್ತಿತ್ತು.

ಹಾಗಿರುವಾಗ ಒಂದು ಮಧ್ಯಾಹ್ನ ಅಚ್ಚಿನ ಕಪ್ಪು ಮುಗಿಯುತ್ತ ಬಂದಿತ್ತು. ಮತ್ತೆ ಕಲಸುವಷ್ಟು ತಾಳ್ಮೆಯಿರಲಿಲ್ಲ. ದುಂಡನೆಯ ರಬ್ಬರ್ ತುಂಡೊಂದನ್ನು ಉಳಿದ ಬಣ್ಣಕ್ಕೆ ಒಂದೇ ಸಲ ಮುಟ್ಟಿಸಿ, ಆಮೇಲೆ ಬಣ್ಣವಿಲ್ಲದೆಯೇ ಮತ್ತೆ ಮತ್ತೆ ಒತ್ತುತ್ತ ಹೋದೆ. ಮೊದಲನೆಯದು ಗಟ್ಟಿ ಕಪ್ಪು, ಆಮೇಲೆ ಬೂದು, ಆಮೇಲೆ ಹೊಗೆಯಂತೆ ತೆಳು. ಒಂದರ ಮೇಲೊಂದು ಒರಗಿದ, ಹಿಂದೆ ಹಿಂದೆ ಸರಿಯುವ ಬಂಡೆಗಳು. ನಮ್ಮ ಮನೆಯ ಹಿತ್ತಲಿನಿಂದ ದಿನವೂ ನೋಡುವ ಬಂಡೆಗಳೇ, ಸಂಜೆಯ ಕೆಂಪಿನಲ್ಲಿ. ಕೈ ತೆಗೆದೆ. ಇನ್ನೊಂದು ಸಲ ಒತ್ತಬೇಕೆಂದು ಅನ್ನಿಸಲಿಲ್ಲ. ಅದು ನನಗೆ ಹೊಸದು. ಆ ಚೀಲವನ್ನು ಮದುವೆಯ ಲೆಕ್ಕಕ್ಕೆ ಹಾಕಬಾರದೆಂದು ಅದನ್ನು ಬೇರೆ ತಂತಿಗೆ ನೇತುಹಾಕಿದೆ.

ಮದುವೆಯ ಹಿಂದಿನ ದಿನ ಮೂಟೆ ಕಟ್ಟಿದವಳು ನನ್ನ ಜೊತೆಗಾತಿ. ನಾನು ಸ್ನಾನಕ್ಕೆ ಹೋಗಿದ್ದೆ. ತಂತಿಗಳ ಮೇಲಿದ್ದದ್ದನ್ನೆಲ್ಲ ಅವಳು ಮಡಿಚಿ, ಅಮುಕಿ, ಗೋಣಿಯ ಬಾಯಿ ಹೊಲಿದಿದ್ದಳು. ಬೇರೆ ತಂತಿಯ ಮಾತು ಅವಳಿಗೆ ನಾನು ಹೇಳಿರಲಿಲ್ಲ. ಆ ಗಡಿಬಿಡಿಯಲ್ಲಿ ನನಗೂ ನೆನಪಾಗಲಿಲ್ಲ.

ಮದುವೆ ಹೊಳಲ್ಕೆರೆಯ ಛತ್ರದಲ್ಲಿ. ನಾವಿಬ್ಬರೂ ಬೆಳಿಗ್ಗೆಯೇ ಹೋದೆವು. ಬಾಗಿಲ ಬಳಿ ಮೇಜು, ಮೇಜಿನ ಹಿಂದೆ ಬುಟ್ಟಿಯಲ್ಲಿ ತೆಂಗಿನಕಾಯಿ, ಎಲೆ, ಅಡಿಕೆ. ಊಟ ಮುಗಿಸಿದವರು ಬರುತ್ತಿದ್ದ ಹಾಗೆ ಹುಡುಗಿಯ ಕಡೆಯ ಹೆಂಗಸರು ಚೀಲಕ್ಕೆ ಕಾಯಿ ಹಾಕಿ ಕೊಡತೊಡಗಿದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಕಾಲು ಮಾತ್ರ ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಮೊದಲು ಎಲ್ಲ ಸುಸೂತ್ರ. ಆಮೇಲೆ ಒಬ್ಬರು ಹೊರಗೆ ಹೋದವರು ತಿರುಗಿ ಬಂದರು. "ನಮ್ಮ ನೆಗೆಣ್ಣಿಗೆ ಹೂವಿಂದು ಕೊಟ್ಟೀರಿ, ನಂಗೆ ಬರೀ ಗೆರೆ. ಬದಲಿಸಿ ಕೊಡ್ರಿ." ಬದಲಿಸಿದರು. ಅದನ್ನು ನೋಡಿ ಮತ್ತಿಬ್ಬರು ಬಂದರು. ಸಾಲಿನಲ್ಲಿದ್ದವರು ಕತ್ತು ಚಾಚಿ, ತಮ್ಮ ಸರದಿಗೆ ಯಾವುದು ಬರುತ್ತದೆಂದು ಮುಂದಿನವರನ್ನು ಎಣಿಸತೊಡಗಿದರು. ಕೊಟ್ಟದ್ದನ್ನು ತೆಗೆದುಕೊಳ್ಳದೆ, "ಅದಲ್ಲ, ಅದ್ರ ಕೆಳಗಿಂದು" ಎಂದು ಬೆರಳು ತೋರಿಸಿದರು. ಸಾಲು ನಿಂತುಹೋಯಿತು. ಅಷ್ಟರಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು ಕೈಯಲ್ಲಿ ಚೀಲ ಹಿಡಿದು ನಡುವೆ ಬಂದರು.

"ಏನಮ್ಮ ಇದು? ನಿಮ್ಮ ಕಡೆಯೋರಿಗೆ ನವಿಲು, ನಮ್ಮೋರಿಗೆ ಮಣ್ಣಿನ ಬಣ್ಣನಾ? ಬೀಗರಿಗೆ ಮಾಡೋ ಮರ್ಯಾದೆ ಇದೇನಾ?"

ಹುಡುಗಿಯ ತಾಯಿಯ ಮುಖ ಸುಟ್ಟ ಹಾಗಾಯಿತು. ಅವರು ನನ್ನ ಹತ್ತಿರ ಬಂದು, ದನಿ ತಗ್ಗಿಸಿ, "ಎಲ್ಲ ಒಳಗೆ ತಗೊಂಡೋಗ್ರವ್ವ. ಅಂಗಡಿಯಿಂದ ಕವರ್ ತರಿಸ್ತೀನಿ. ಒಂದೇ ಥರ ಇದ್ರೆ ಯಾರೂ ಮಾತಾಡಲ್ಲ," ಎಂದರು. ಅವರ ಮೇಲೆ ಸಿಟ್ಟು ಬರಲಿಲ್ಲ. ಮಗಳ ಮದುವೆಯ ದಿನ ಯಾರಿಗೆ ಬೇಕು ಈ ರಗಳೆ? ಕಣ್ಣಲ್ಲಿ ನೀರು ಬರುವ ಮೊದಲು ಹೊರಗೆ ಹೋಗಿಬಿಡೋಣ ಅನ್ನಿಸಿತು.

ಆಗ ನನ್ನ ಜೊತೆಗಾತಿ, ಊಟದ ಮನೆಯ ಮೂಲೆಯಲ್ಲಿ ಸುತ್ತಿಟ್ಟಿದ್ದ ಜಮಖಾನವನ್ನು ದರದರ ಎಳೆದು ತಂದು ಅಂಗಳದ ಚಪ್ಪರದ ಕೆಳಗೆ ಹಾಸಿದಳು. ಮೂಟೆಯನ್ನು ತಲೆಕೆಳಗು ಮಾಡಿ ಸುರಿದಳು. ನನಗೆ ಕೂಗಿ, "ಅಕ್ಕ, ಏನು ನೋಡ್ತಾ ನಿಂತ್ರಿ, ಹರಡ್ರಿ!" ಎಂದಳು. ಇಬ್ಬರೂ ಹರಡಿದೆವು. ಆಮೇಲೆ ಅವಳು ಸಂತೆಯಲ್ಲಿ ನಿಂತವಳ ಹಾಗೆ ದನಿ ಎತ್ತಿದಳು.

"ಬರ್ರಿ, ಯಾರ ಕಡೆಯೋರಾದ್ರೂ ಬರ್ರಿ! ನಿಮ್ಗೆ ಬೇಕಾದ್ದು ನೀವೇ ಆರಿಸ್ಕಳ್ರಿ. ಆರಿಸ್ಕಂಡು ಅಲ್ಲಿ ಹೋಗಿ ಕಾಯಿ ಹಾಕಿಸ್ಕಳ್ರಿ. ಬೀಗರು ಮೊದ್ಲು ಬರ್ರಿ!"

ಆ ಹಿರಿಯರೇ ಮೊದಲು ಬಂದರು. ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಜಮಖಾನದ ಸುತ್ತ ಒಂದು ಸುತ್ತು ಹಾಕಿದರು. ಇನ್ನೊಂದು ಸುತ್ತು ಹಾಕಿದರು. ಒಂದನ್ನು ಎತ್ತಿ, ಬಿಸಿಲಿಗೆ ಹಿಡಿದು ನೋಡಿ, ಕೆಳಗಿಟ್ಟು, ಮತ್ತೆ ಅದನ್ನೇ ಎತ್ತಿಕೊಂಡರು. ಅದು ನಾನು ಕೆಟ್ಟಿದೆಯೆಂದುಕೊಂಡಿದ್ದ, ಅಚ್ಚು ಜಾರಿದ ಚೀಲ. ಜನ ಕುಕ್ಕರಗಾಲಲ್ಲಿ ಕೂತರು, ಬಾಗಿದರು, ಪಕ್ಕದವರ ಕೈಯಿಂದ ಇಸಿದುಕೊಂಡು ನೋಡಿ ವಾಪಸು ಕೊಟ್ಟರು. "ಇದೇನು, ಹಾವಾ?" "ಹಾವಲ್ಲ, ದಾರಿ." "ನೀನೇನು ನೋಡಿದ್ಯಾ, ಹಾವೇ." ನನ್ನ ಚಿತ್ರಗಳ ಬಗ್ಗೆ ನನ್ನ ಎದುರೇ ಜನ ಜಗಳವಾಡುತ್ತಿದ್ದರು. ಆಗಷ್ಟೇ ಬಂದಿದ್ದ ಅಳು ಎಲ್ಲಿ ಹೋಯಿತೋ. ಹುಡುಗಿಯ ತಾಯಿ ದೂರದಿಂದ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು, ನಕ್ಕು ಒಳಗೆ ಹೋದರು.

ಆ ಸಂತೋಷದ ನಡುವೆಯೇ ಕಂಡದ್ದು ಬಂಡೆಗಳ ಚೀಲ. ಜಮಖಾನದ ಆಚೆ ತುದಿಯಲ್ಲಿ ಒಬ್ಬ ಹೆಂಗಸು ಅದನ್ನು ಎದೆಗೆ ಅವಚಿಕೊಂಡು ಏಳುತ್ತಿದ್ದಳು. ಐವತ್ತರ ಆಸುಪಾಸು, ಎಣ್ಣೆ ಹಾಕಿ ಬಿಗಿದ ತುರುಬು, ಹಸಿರು ಸೀರೆ. "ಅದು ಕೊಡೋದಲ್ಲ, ಅದು ನಂದು" ಎಂದು ನಾನು ಹೇಳಬೇಕು ಅನ್ನುವಷ್ಟರಲ್ಲಿ ನಡುವೆ ನಾಲ್ಕು ಜನ ಅಡ್ಡ ಬಂದರು. ಅವರನ್ನು ಸುತ್ತಿ ಮೇಜಿನ ಹತ್ತಿರ ಹೋದರೆ ಅಲ್ಲಿಲ್ಲ. ಬಾಗಿಲಿಗೆ ಓಡಿದೆ. ರಸ್ತೆಯಾಚೆ ಹಸಿರು ಸೀರೆ ಹೋಗುತ್ತಿತ್ತು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಉಂಗುಷ್ಠ ಕಿತ್ತ ಚಪ್ಪಲಿ. ನೋಡುತ್ತಿದ್ದಂತೆ ಹೊಸದುರ್ಗದ ಬಸ್ಸು ಬಂತು. ಅವಳು ಹತ್ತಿದಳು. ನಾನೂ ಓಡಿ ಹತ್ತಿದೆ.

ಬಸ್ಸು ಹೊರಟ ಮೇಲೆ ನಾನು ಏನು ಮಾಡಿದೆನೆಂದು ಹೊಳೆಯಿತು. ಜೊತೆಗಾತಿಗೆ ಹೇಳಿಲ್ಲ. ಕೈಯಲ್ಲಿದ್ದ ಪರ್ಸು ಬಿಟ್ಟರೆ ಬೇರೇನಿಲ್ಲ. ಹೊಸದುರ್ಗದಲ್ಲಿ ನನಗೆ ಯಾರ ಪರಿಚಯವೂ ಇಲ್ಲ. ಟಿಕೆಟ್ ತೆಗೆದುಕೊಂಡು ಆ ಹೆಂಗಸಿನ ಹಿಂದಿನ ಸೀಟಿನಲ್ಲಿ ಕೂತೆ. ಅವಳ ಪಕ್ಕದ ಸೀಟು ಖಾಲಿಯಾದ ಕೂಡಲೇ ಅಲ್ಲಿಗೆ ಹೋದೆ. ಅವಳು ಸರಿದು ಜಾಗ ಬಿಟ್ಟು, "ಕುಂತ್ಕ ಬಾರವ್ವ," ಎಂದಳು. ಚೀಲ ಅವಳ ತೊಡೆಯ ಮೇಲಿತ್ತು. ಕಾಯಿಯ ಭಾರಕ್ಕೆ ಬಂಡೆಗಳು ಉಬ್ಬಿಕೊಂಡಿದ್ದವು.

"ಮದ್ವಿಗೆ ಬಂದಿದ್ರಾ?" ಎಂದು ಶುರುಮಾಡಿದೆ.

"ಹೂಂ ಕಣವ್ವ. ಅವ್ರ ತೋಟದಾಗೆ ನಮ್ಮ ಕುರಿ ಮಂದೆ ನಿಲ್ಲುಸ್ತೀವಿ, ಗೊಬ್ಬರಕ್ಕೆ. ಮರೀದಂಗೆ ಕರೆದ್ರು. ನೀನು ಯಾರ ಪೈಕಿ?"

"ನಾನು ಈ ಚೀಲ ಮಾಡ್ದೋಳು."

ಅವಳು ನನ್ನ ಮುಖ ನೋಡಿದಳು, ಉಗುರು ನೋಡಿದಳು, ನಂಬಿದಳು. "ನೀನಾ! ಅಲ್ಲೇ ಹೇಳ್ಬಾರ್ದಾ? ಕುರಿ ಏನು ಚೆನ್ನಾಗಿ ಬರ್ದಿದೀಯವ್ವ."

"ಕುರಿಯಾ? ಎಲ್ಲಿ ಕುರಿ?"

"ಇವೇನು ಮತ್ತೆ?" ಅವಳು ಬೆರಳಿಟ್ಟು ತೋರಿಸಿದಳು. "ಮಧ್ಯಾಹ್ನದ ಹೊತ್ತು ತಲೆ ಒಳಗೆ ಹಾಕ್ಕಂಡು ಒಂದಕ್ಕೊಂದು ಒರಗಿ ಮಲಗ್ತಾವಲ್ಲ, ಹಂಗೇ ಐತೆ. ಇದು ಟಗರು, ಇದು ಮುದುಕಿ ಕುರಿ, ಇತ್ಲಾಗೆ ತೆಳ್ಳಗೆ ಕಾಣಾವು ಮರಿ. ನೆಲನೂ ಕೆಂಪಗೈತೆ ನೋಡು, ನಮ್ಮ ಕಡೆದೇ."

ನನಗೆ ಮೊದಲು ಬಂದದ್ದು ಕೋಪ. ನಾನು ವರ್ಷಗಟ್ಟಲೆ ನೋಡಿದ ಬಂಡೆಗಳನ್ನು ಇವಳು ಒಂದು ಮಾತಿನಲ್ಲಿ ಕುರಿ ಮಾಡಿಬಿಟ್ಟಳಲ್ಲ! ಮತ್ತೆ ನೋಡಿದೆ. ಬಂಡೆಗಳು ಕಾಣಲಿ ಎಂದು ಕಣ್ಣು ಕಿರಿದು ಮಾಡಿ ನೋಡಿದೆ. ಬಸ್ಸಿನ ಕುಲುಕಾಟಕ್ಕೆ ಅವು ಉಸಿರಾಡುತ್ತಿದ್ದವು. ಕುರಿಗಳೇ.

"ಒಂದು ಮಾತು ಕೇಳ್ತೀನಿ," ಎಂದೆ. "ಈ ಚೀಲ ತಪ್ಪಿ ಬಂದ್ಬಿಟ್ಟಿದೆ. ನಾನು ಇಟ್ಕೊಳ್ಳೋಣ ಅಂತ ಮಾಡಿದ್ದು. ಇದನ್ನ ನಂಗೆ ಕೊಡಿ, ಬೇರೆ ಎರಡು ಮಾಡಿ ಕಳಿಸ್ತೀನಿ."

ಅವಳು ಯೋಚನೆಯನ್ನೂ ಮಾಡಲಿಲ್ಲ. "ಕೊಡಲ್ಲ ಕಣವ್ವ."

"ಮೂರು ಮಾಡಿ ಕೊಡ್ತೀನಿ."

"ಹತ್ತು ಕೊಟ್ರೂ ಬ್ಯಾಡ. ಅಷ್ಟು ಜನದಾಗೆ ನುಗ್ಗಿ ಆರಿಸ್ಕಂಡಿದೀನಿ. ತಾಂಬೂಲ ಬ್ಯಾರೆ, ಕೊಟ್ಟದ್ದು ವಾಪಸ್ ಕೇಳ್ತಾರೇನು?" ಎಂದು ಚೀಲವನ್ನು ಆ ಕಡೆಯ ತೊಡೆಗೆ ಸರಿಸಿಕೊಂಡಳು. ಆಮೇಲೆ ನನ್ನ ಮುಖ ನೋಡಿ ಮೆತ್ತಗಾದಳು. "ಮಾಡ್ದೋಳು ನೀನೇ ಅಲ್ವಾ? ಇನ್ನೊಂದು ಮಾಡ್ಕ."

"ಹಾಗೇ ಇನ್ನೊಂದು ಬರಲ್ಲ."

"ಹಂಗೇ ಬರ್ಲಿ ಅಂತ ಯಾಕೆ? ಬ್ಯಾರೆ ಬರುತ್ತೆ," ಎಂದು ಕಿಟಕಿಯ ಹೊರಗೆ ನೋಡತೊಡಗಿದಳು. ಅವಳಿಗೆ ಆ ವಿಷಯ ಅಲ್ಲಿಗೆ ಮುಗಿದಿತ್ತು.

ನನಗೆ ಮುಗಿದಿರಲಿಲ್ಲ. ಸುಮ್ಮನೆ ಕೂರಲಾರದೆ ಅಲ್ಲಿ ಇಲ್ಲಿ ನೋಡುವಾಗ ಅವಳ ಕಾಲ ಬಳಿ ಇದ್ದ ಚಪ್ಪಲಿ ಕಂಡಿತು. ಹವಾಯಿ ಚಪ್ಪಲಿ. ಹಿಮ್ಮಡಿಯ ಕಡೆ ಕಾಗದದಷ್ಟು ಸವೆದು, ಹೆಬ್ಬೆರಳ ಜಾಗದಲ್ಲಿ ಗುಳಿ ಬಿದ್ದು, ಕಲ್ಲು ಮುಳ್ಳು ತುಳಿದು ಅಡಿಯೆಲ್ಲ ಗೆರೆ ಗೆರೆಯಾಗಿತ್ತು. ಹೊಸ ರಬ್ಬರ್ ಶೀಟಿನಲ್ಲಿ ನಾನು ಬ್ಲೇಡಿನಿಂದ ಎಷ್ಟು ಕೆತ್ತಿದರೂ ಬಾರದ ಗೆರೆಗಳು. ಕೈಗೆತ್ತಿಕೊಂಡು ತಿರುಗಿಸಿ ನೋಡಿದೆ.

"ಅಯ್ಯೋ, ಅದನ್ಯಾಕೆ ಮುಟ್ತೀಯ, ಬಿಡು!" ಎಂದು ಅವಳು ಗಾಬರಿಯಾದಳು.

"ಇದನ್ನ ಏನು ಮಾಡ್ತೀರಿ?"

"ಉಂಗುಷ್ಠ ಹಾಕ್ಸಿದ್ರೂ ನಿಲ್ಲಲ್ಲ ಅದು. ಬಿಸಾಕೋದು."

"ಚೀಲ ಕೊಡ್ಬೇಡಿ, ಬಿಡಿ. ಇದನ್ನ ಕೊಡಿ."

ಅವಳು ಬಿದ್ದು ಬಿದ್ದು ನಕ್ಕಳು. ಮುಂದಿನ ಸೀಟಿನವರು ತಿರುಗಿ ನೋಡಿದರು. ಅವಳು ಅವರಿಗೂ ಹೇಳಿದಳು: "ನೋಡ್ರಪ್ಪ, ಈಯಮ್ಮ ಓದ್ದೋಳು, ನನ್ನ ಹರಕ ಚಪ್ಪಲಿ ಕೇಳ್ತಾಳೆ!" ಕಂಡಕ್ಟರನೂ ನಕ್ಕ. ನಾನೂ ನಕ್ಕೆ. ಹೊಸದುರ್ಗದಲ್ಲಿ ಇಳಿದ ಮೇಲೆ ಅವಳು ಇನ್ನೊಂದು ಕಾಲಿನದನ್ನೂ ಕಳಚಿ ಕೊಟ್ಟು, "ಒಂದೇ ತಗಂಡು ಏನು ಮಾಡ್ತೀಯ," ಎಂದು ಬರಿಗಾಲಲ್ಲಿ ತನ್ನ ಊರಿನ ಟೆಂಪೋದತ್ತ ಹೋದಳು. ಹತ್ತುವ ಮೊದಲು ತಿರುಗಿ ನೋಡಿ ಚೀಲವನ್ನು ಎತ್ತಿ ತೋರಿಸಿದಳು. ಬಿಸಿಲು ಇನ್ನೂ ಇತ್ತು. ಆ ಕೆಂಪು ಚೆನ್ನಾಗಿ ಕಂಡಿತು.

ಸಂಜೆ ಚಿತ್ರದುರ್ಗಕ್ಕೆ ಬಂದಾಗ ನನ್ನ ಜೊತೆಗಾತಿ ನಮ್ಮ ಮನೆಯ ಕಟ್ಟೆಯ ಮೇಲೆಯೇ ಕೂತಿದ್ದಳು. ಛತ್ರವನ್ನೆಲ್ಲ ಹುಡುಕಿ, ಅತ್ತು, ನನ್ನವರಿಗೂ ಹೇಳಿ, ಅವರನ್ನು ಹೊಳಲ್ಕೆರೆಗೆ ಕಳಿಸಿ ಕೂತಿದ್ದಳಂತೆ. ನನ್ನ ಕೈಯಲ್ಲಿದ್ದ ಚಪ್ಪಲಿಗಳನ್ನು ನೋಡಿ ಎದ್ದು ನಿಂತಳು. "ನಿಮ್ಗೆ ತಲೆ ನೆಟ್ಟಗೈತೇನ್ರಿ ಅಕ್ಕ? ಒಂದು ಮಾತು ಹೇಳಿ ಹೋಗಕ್ಕೆ ಏನಾಗಿತ್ತು?" ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ನನ್ನವರು ಹೊಳಲ್ಕೆರೆಯಿಂದ ಬಂದು, ಕೈಕಾಲು ತೊಳೆದು, ಊಟಕ್ಕೆ ಕೂತು, "ನಾಳೆ ಎಲ್ಲಿಗೆ ಹೋಗೋದು? ಹೇಳಿದ್ರೆ ಹುಡುಕೋದು ಸುಲಭ," ಎಂದರು. ಅಷ್ಟೇ.

ಆ ಚಪ್ಪಲಿಗಳನ್ನು ತೊಳೆದು, ಪಟ್ಟಿ ಕತ್ತರಿಸಿ, ಸವೆದ ಅಡಿಯನ್ನು ಹಾಗೇ ಬಿಟ್ಟು, ಅಂಚು ಮಾತ್ರ ಕೆತ್ತಿ ಅಚ್ಚು ಮಾಡಿದೆ. ಸವೆದ ಕಡೆ ಬಣ್ಣ ಮುಟ್ಟುತ್ತಿರಲಿಲ್ಲ. ಗುಳಿಯ ಸುತ್ತ ಉಂಗುರ ಬೀಳುತ್ತಿತ್ತು. ಮುಳ್ಳು ತುಳಿದ ಕಡೆ ಬಿಳಿ ಚುಕ್ಕೆ. ಒಬ್ಬರು ನಡೆದ ನಡಿಗೆಯೇ ಬಟ್ಟೆಯ ಮೇಲೆ ಬರುತ್ತಿತ್ತು. ತಾಂಬೂಲದ ಚೀಲಕ್ಕೆ ಅದನ್ನು ನಾನು ಮುಟ್ಟಿಸಲಿಲ್ಲ. ಬೇರೆ ಚೀಲಗಳಿಗೆ, ಕೇಳಿದವರಿಗೆ ಅದೇನೆಂದು ಹೇಳಿಯೇ ಒತ್ತಿದೆ. ಮೂಗು ಮುರಿದವರು ಇದ್ದರು. ತಮ್ಮ ಮನೆಯ ಹಳೇ ಚಪ್ಪಲಿ ತಂದುಕೊಟ್ಟು, "ನಮ್ಮಪ್ಪಂದು, ಇದ್ರಾಗೆ ಒಂದು ಮಾಡಿಕೊಡ್ರಿ" ಎಂದವರೂ ಇದ್ದರು. ಬಂಡೆಯ ಚೀಲವನ್ನು ಮತ್ತೆ ಮಾಡಲು ಮಾತ್ರ ನನ್ನಿಂದಾಗಲಿಲ್ಲ. ಎಷ್ಟು ಸಲ ಕೂತೆನೋ. ಒತ್ತಿದರೆ ಬಂಡೆಯೂ ಅಲ್ಲದ, ಕುರಿಯೂ ಅಲ್ಲದ ಏನೋ ಬರುತ್ತಿತ್ತು. ಕೆಲವರು ಅದನ್ನೇ ಇಷ್ಟಪಟ್ಟು ಒಯ್ದರು.

ಎರಡು ಸಾವಿರದ ಇಸವಿ ಕಳೆದ ಮೇಲೆ ನನ್ನವರಿಗೆ ಹಿರಿಯೂರಿಗೆ ವರ್ಗವಾಯಿತು. ಅಲ್ಲಿ ನಮ್ಮ ಮನೆಯ ಬೋರಿನ ನೀರು ಗಡಸು. ಅದೇ ಚೊಗರು, ಅದೇ ಪಟಿಕ, ಅದೇ ಕೋರಾ ಬಟ್ಟೆ. ಕೆಂಪು ಬರಬೇಕಾದಲ್ಲಿ ನೇರಳೆ ಹಣ್ಣು ಜಜ್ಜಿದ ಹಾಗೆ ಮಂಕು ಬಣ್ಣ. ಮೊದಲ ತಿಂಗಳು ಕೊಡ ಕೊಡ ಚೆಲ್ಲಿದೆ, ಬಟ್ಟೆ ಹರಿದು ಹಾಕಿದೆ. ನನ್ನವರು ಚಿತ್ರದುರ್ಗಕ್ಕೆ ಮೀಟಿಂಗಿಗೆ ಹೋದಾಗಲೆಲ್ಲ ಜೀಪಿನಲ್ಲಿ ಹಳೇ ಮನೆಯ ನೀರು ಕ್ಯಾನುಗಟ್ಟಲೆ ತಂದರು. ಡ್ರೈವರ್ ಅದನ್ನು ತೀರ್ಥವೆಂದೇ ತಿಳಿದಿದ್ದ. ಒಂದು ಸಲ ಕ್ಯಾನು ಬರುವುದು ತಡವಾಯಿತು, ನನಗೆ ತಡೆಯಲಾಗಲಿಲ್ಲ, ಬೋರಿನ ನೀರಿನಲ್ಲೇ ಅದ್ದಿದೆ. ಒಣಗಿದ ಮೇಲೆ ಆ ಮಂಕು ಬಣ್ಣವನ್ನು ತೊಡೆಯ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದೆ. ಮಳೆ ಬರುವ ಮೊದಲು ಹತ್ತಿರದ ಮಾರಿಕಣಿವೆ ಅಣೆಕಟ್ಟಿನ ನೀರಿನ ಮೇಲೆ ಬೀಳುವ ಕಪ್ಪಿನ ಹಾಗಿತ್ತು. ಆಮೇಲೆ ಕ್ಯಾನು ತರಿಸಲಿಲ್ಲ.

ನನ್ನ ಜೊತೆಗಾತಿ ಚಿತ್ರದುರ್ಗದಲ್ಲೇ ಉಳಿದಳು, ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಹಾಕಿದಳು. ಬಣ್ಣ ಹಾಕಿದ ಬಟ್ಟೆಯನ್ನು ನಾನು ಬಸ್ಸಿನಲ್ಲಿ ಕಳಿಸುವೆ, ಅವಳು ಹೊಲಿದು ಮಾರುವಳು. ದಿನಾ ಫೋನು. ಒಂದು ಬೆಳಿಗ್ಗೆ ಅವಳು ಕೇಳಿದಳು:

"ಅಕ್ಕ, ಈ ಸಲದ್ದು ಹಿಡಿಕೆ ಉದ್ದ ಇಡ್ಲಾ, ಗಿಡ್ಡ ಇಡ್ಲಾ? ಕಾಲೇಜು ಹುಡುಗೀರು ಹೆಗಲಿಗೆ ಬೇಕು ಅಂತಾರೆ."

"ಉದ್ದ ಇಡು," ಎಂದೆ. "ಅಲ್ಲ, ಬೇಡ, ತಡಿ. ಉದ್ದ ಇಟ್ರೆ ಚಿತ್ರ ಸೊಂಟದ ಹತ್ರ ಹೋಗುತ್ತೆ, ಯಾರಿಗೂ ಕಾಣಲ್ಲ. ನಾನೇ ಬರ್ತೀನಿ, ನೋಡಿ ಹೇಳ್ತೀನಿ."

"ಇಷ್ಟಕ್ಕೆ ಹಿರಿಯೂರಿಂದ ಬರ್ತೀರಾ?"

"ಹತ್ತೂವರೆ ಬಸ್ಸು ಸಿಗುತ್ತೆ," ಎಂದು ಫೋನಿಟ್ಟೆ. ಒಲೆಯ ಮೇಲಿದ್ದ ಬಣ್ಣವನ್ನು ಇಳಿಸಿ, ನನ್ನವರಿಗೆ ಎಲ್ಲಿಗೆ ಹೋಗುತ್ತಿದ್ದೇನೆಂದು ಹೇಳಿ, ಸೀರೆ ಬದಲಿಸಲು ಒಳಗೆ ಹೋದೆ.